ಹಮಾರ್ಟಿಯಾ ಎಂದರೆ ಸ್ವಭಾವದ ದೋಷವಲ್ಲ

ಮಾನ್ಯ ಸಂಪಾದಕರೇ,

ಗ್ರೀಕ್ ದುರಂತ ನಾಟಕಗಳ ಪ್ರಸ್ತಾಪ ಬಂದಾಗಲೆಲ್ಲ ‘ಹಮಾರ್ಟಿಯಾ’ ಎಂದರೆ ನಾಯಕನ ಸ್ವಭಾವದಲ್ಲಿರುವ ದೋಷ ಎಂದು ಬರೆದು ಮುಂದೆ ಸಾಗುವುದು ರೂಢಿಯಾಗಿಬಿಟ್ಟಿದೆ. ಈ ವಿವರಣೆ ಆ ಪದದ ಮೂಲಕ್ಕೂ ಒಪ್ಪುವುದಿಲ್ಲ, ಅರಿಸ್ಟಾಟಲನ ಚಿಂತನೆಗೂ ಒಪ್ಪುವುದಿಲ್ಲ ಎಂಬುದನ್ನು ಓದುಗರ ಗಮನಕ್ಕೆ ತರಬಯಸುತ್ತೇನೆ.

ಈ ಪದಕ್ಕೆ ಮೂಲವಾದ ‘ಹಮಾರ್ಟಾನೊ’ ಎಂಬ ಗ್ರೀಕ್ ಕ್ರಿಯಾಪದದ ಹಳೆಯ ಅರ್ಥ ಗುರಿ ತಪ್ಪುವುದು. ಹೋಮರನ ‘ಇಲಿಯಡ್’ ಕಾವ್ಯದ 8ನೇ ಸರ್ಗದಲ್ಲಿ ಗ್ರೀಕ್ ಬಿಲ್ಲುಗಾರ ಟ್ಯೂಕ್ರೊಸ್ ಟ್ರಾಯ್ ನಗರದ ವೀರ ಹೆಕ್ಟರನತ್ತ ಬಿಟ್ಟ ಬಾಣ ಅವನಿಗೆ ತಾಗದೆ, ಟ್ರಾಯ್ ರಾಜ ಪ್ರಿಯಾಮನ ಇನ್ನೊಬ್ಬ ಮಗ ಗೊರ್ಗಿಥಿಯೊನನ ಎದೆಗೆ ನಾಟುತ್ತದೆ. ವಸಂತದ ಮಳೆಗೆ ತೊಯ್ದ ಗಸಗಸೆ ಹೂವಿನಂತೆ ಅವನ ತಲೆ ಪಕ್ಕಕ್ಕೆ ಬಾಗುತ್ತದೆ. ಬಾಣ ತಪ್ಪಿತೆಂದು ಹೇಳಲು ಕವಿ ಬಳಸಿರುವುದು ಇದೇ ಧಾತುವಿನ ರೂಪವನ್ನು. ಬಿಲ್ಲುಗಾರನ ನಡತೆಯ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ. ‘ಗುರಿ ತಪ್ಪಿತು’, ‘ತಪ್ಪು ಮಾಡಿದ’ ಎಂದು ಎರಡಕ್ಕೂ ಒಂದೇ ಧಾತುವನ್ನು ಬಳಸುವ ಕನ್ನಡಿಗರಿಗೆ ಈ ಅರ್ಥವಿಸ್ತಾರ ಸಹಜವಾಗಿಯೇ ತಿಳಿಯಬೇಕು.

ಕ್ರಿ.ಪೂ. 4ನೇ ಶತಮಾನದ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ‘ಕಾವ್ಯಮೀಮಾಂಸೆ’ಯ 13ನೇ ಅಧ್ಯಾಯದಲ್ಲಿ, ದುರಂತದ ನಾಯಕನು ಕೆಡುಕಿನಿಂದಲ್ಲ, ಯಾವುದೋ ಒಂದು ಹಮಾರ್ಟಿಯಾದಿಂದ ಬೀಳುತ್ತಾನೆ ಎಂದು ಹೇಳಿ, ಸೊಫೊಕ್ಲಿಸ್‌ನ ದುರಂತ ನಾಟಕದ ನಾಯಕನಾದ ಈಡಿಪಸ್‌ನನ್ನು ಉದಾಹರಿಸುತ್ತಾನೆ. ಮೂರು ದಾರಿ ಕೂಡುವಲ್ಲಿ ತನ್ನನ್ನು ಬದಿಗೆ ತಳ್ಳಿ ತಲೆಗೆ ಹೊಡೆದ ಮುದುಕನನ್ನು ಈಡಿಪಸ್ ಕೊಂದದ್ದು, ಆತನೇ ತನ್ನ ತಂದೆ ಲಾಯಸ್ ಎಂದು ತಿಳಿಯದೆ. ಅವನು ಮುಂಗೋಪಿ, ನಿಜ. ಆದರೆ ಕೋಪವೊಂದೇ ಇದ್ದಿದ್ದರೆ ಅದು ಕೊಲೆಯಾಗುತ್ತಿತ್ತೇ ಹೊರತು ಪಿತೃಹತ್ಯೆಯಾಗುತ್ತಿರಲಿಲ್ಲ. ಅದನ್ನು ಪಿತೃಹತ್ಯೆಯಾಗಿಸಿದ್ದು ಅವನ ಅಜ್ಞಾನ. ಇದೇ ಅರಿಸ್ಟಾಟಲ್ ‘ನಿಕೊಮಾಕಿಯನ್ ನೀತಿಶಾಸ್ತ್ರ’ದ 5ನೇ ಭಾಗದಲ್ಲಿ ಯಾರೂ ಊಹಿಸಲಾಗದ ಅವಘಡ, ದುರುದ್ದೇಶವಿಲ್ಲದ ತಪ್ಪು, ತಿಳಿದೇ ಮಾಡಿದ ಅನ್ಯಾಯ ಎಂದು ಬೇರ್ಪಡಿಸಿ, ನಡುವಿನದನ್ನು ಇದೇ ಧಾತುವಿನ ‘ಹಮಾರ್ಟೆಮಾ’ ಎಂದು ಕರೆದಿದ್ದಾನೆ. ನಾಟಕವನ್ನು ಓದುವಾಗ ಈ ವಿಂಗಡಣೆಯನ್ನು ಮರೆಯುವುದು ನನ್ನ ದೃಷ್ಟಿಯಲ್ಲಿ ದೊಡ್ಡ ನಷ್ಟ.

ಹಮಾರ್ಟಿಯಾಕ್ಕೆ ಪಾಪ ಎಂಬ ಅರ್ಥ ಬಲವಾಗಿ ಬೇರೂರಿದ್ದು ಬೇರೆ ದಾರಿಯಿಂದ. ಹೀಬ್ರೂ ಧರ್ಮಗ್ರಂಥಗಳನ್ನು ಗ್ರೀಕ್ ಭಾಷೆಗೆ ತಂದ ಯಹೂದಿ ಅನುವಾದಕರು ‘ಹಾಟಾ’ ಎಂಬ ಧಾತುವಿಗೆ ಈ ಪದವನ್ನೇ ಆರಿಸಿಕೊಂಡರು. ಆ ಹೀಬ್ರೂ ಧಾತುವಿಗೂ ಗುರಿ ತಪ್ಪುವ ಅರ್ಥವಿತ್ತು. ಅಲ್ಲಿಂದ ಅದು ಕ್ರೈಸ್ತರ ಹೊಸ ಒಡಂಬಡಿಕೆಗೆ ಬಂದು, ದೇವರ ವಿರುದ್ಧದ ಅಪರಾಧ ಎಂಬ ತೂಕ ಪಡೆಯಿತು.

ಪಠ್ಯಪುಸ್ತಕ ಬರೆಯುವವರು ಮತ್ತು ವಿಮರ್ಶಕರು ಈಡಿಪಸ್‌ನ ಸಂದರ್ಭದಲ್ಲಿ ‘ಸ್ವಭಾವದೋಷ’ದ ಬದಲು ‘ಪ್ರಮಾದ’ ಎಂಬ ಪದವನ್ನು ಬಳಸಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಓದುಗ