ಡೇರಿ ಬಳಿಯೇ ಬಿಪಿ ನೋಡಿ
ಮಂಡ್ಯದ ಹಳ್ಳಿಗಳಲ್ಲಿ ಹಿರಿಯರ ನಡಿಗೆ ನಿಧಾನವಾದರೆ, ಮರೆವು ಜಾಸ್ತಿಯಾದರೆ ‘ವಯಸ್ಸಾಯ್ತು ಬಿಡಿ’ ಎಂದು ಸುಮ್ಮನಾಗುತ್ತೇವೆ. ಇದರ ಹಿಂದೆ ಬಿಪಿ ಇರಬಹುದು ಎಂಬುದು ಹಲವರಿಗೆ ಗೊತ್ತೇ ಇಲ್ಲ.

ಮಿದುಳಿನ ವೈಟ್ ಮ್ಯಾಟರ್ ಎಂದರೆ ಒಂದು ಭಾಗದಿಂದ ಇನ್ನೊಂದಕ್ಕೆ ಸಂದೇಶ ಒಯ್ಯುವ ನರತಂತುಗಳ ಕಂತೆ. ಅವುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ವರ್ಷಗಟ್ಟಲೆ ಬಿಪಿ ಹತೋಟಿ ತಪ್ಪಿದರೆ ಅಲ್ಲಿನ ಸಣ್ಣ ರಕ್ತನಾಳಗಳು ಗಟ್ಟಿಯಾಗಿ, ಈ ಭಾಗ ಹಾಳಾಗುತ್ತಾ ಹೋಗುತ್ತದೆ; ಆಗ ನಡಿಗೆ, ನೆನಪು ಎರಡೂ ಕುಂದಬಹುದು. ನೋವಿಲ್ಲ, ಜ್ವರವಿಲ್ಲ, ಹಾನಿ ಸ್ಕ್ಯಾನ್ ಮಾಡಿದಾಗಷ್ಟೇ ಕಾಣುತ್ತದೆ. ಹಾಳಾದದ್ದನ್ನು ಸರಿಪಡಿಸುವುದು ಕಷ್ಟ. ಆದರೂ ‘ತಲೆ ಸುತ್ತಲ್ವಲ್ಲ’ ಎಂದು ಮಾತ್ರೆ ಬಿಡುವವರಿದ್ದಾರೆ!

ಆರೋಗ್ಯ ಇಲಾಖೆ ತಿಂಗಳಿಗೊಮ್ಮೆ ಬೆಳಿಗ್ಗೆ ಹಾಲಿನ ಡೇರಿಗಳ ಬಳಿಯೇ ಬಿಪಿ ತಪಾಸಣೆ ನಡೆಸಲಿ. ಹೇಗೂ ಅರ್ಧ ಊರು ಅಲ್ಲಿ ಸೇರಿರುತ್ತದೆ.

– ಒಬ್ಬ ಓದುಗ, ಮದ್ದೂರು