ಕಾನ್ರಾಡ್‌ನ ಕಡಲು ತಿಳಿಯಬೇಕಾದರೆ ಹಡಗಿನ ಒಡಲಿಗೆ ಇಳಿಯಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಇಂಗ್ಲಿಷ್ ಕಾದಂಬರಿಕಾರ ಜೋಸೆಫ್ ಕಾನ್ರಾಡ್ ಕುರಿತು ಬಂದ ಲೇಖನಕ್ಕೆ ಧನ್ಯವಾದಗಳು. ಕನ್ನಡದಲ್ಲಿ ಈ ಲೇಖಕನ ಮಾತು ಬಂದಾಗಲೆಲ್ಲ ಚರ್ಚೆ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಎಂಬ ಕಾಂಗೋ ಕಾದಂಬರಿಯಲ್ಲೇ ನಿಂತುಬಿಡುತ್ತದೆ. ನಿಮ್ಮ ಲೇಖಕರು ಹಡಗಿನ ಕಥೆಗಳನ್ನೂ ಎತ್ತಿಕೊಂಡದ್ದು ಒಳ್ಳೆಯದಾಯಿತು. ಆದರೆ ಅದರಲ್ಲಿನ ಎರಡು ಮಾತುಗಳನ್ನು ತಿದ್ದಲೇಬೇಕು. ಕಾನ್ರಾಡ್ ‘ಇಪ್ಪತ್ತು ವರ್ಷ ಕ್ಯಾಪ್ಟನ್ ಆಗಿದ್ದ’ ಎನ್ನುವುದು ಒಂದು, ಆತನ ಕಥೆಗಳಲ್ಲಿ ‘ಕಡಲೇ ಖಳನಾಯಕ’ ಎನ್ನುವುದು ಇನ್ನೊಂದು.

ಮೊದಲನೆಯದನ್ನು ಬೇಗ ಮುಗಿಸಬಹುದು. 1857ರ ಡಿಸೆಂಬರ್ 3ರಂದು ಇಂದಿನ ಉಕ್ರೇನಿನ ಬೆರ್ಡಿಚಿವ್‌ನಲ್ಲಿ, ಪೋಲಿಷ್ ಮನೆತನದಲ್ಲಿ ಹುಟ್ಟಿದ ಹುಡುಗ ಹದಿನೇಳು ತುಂಬುವ ಮೊದಲೇ, 1874ರಲ್ಲಿ, ಮಾರ್ಸೇಲ್ಸ್ ಬಂದರಿಗೆ ಹೋದ. 1878ರಲ್ಲಿ ಇಂಗ್ಲಿಷ್ ಹಡಗು ಹತ್ತಿದ. 1880ರಲ್ಲಿ ಸೆಕೆಂಡ್ ಮೇಟ್, 1884ರಲ್ಲಿ ಫಸ್ಟ್ ಮೇಟ್ (ಎರಡೂ ಕ್ಯಾಪ್ಟನ್ ಕೈಕೆಳಗಿನ ಅಧಿಕಾರಿ ಹುದ್ದೆಗಳು), 1886ರಲ್ಲಿ ಮಾಸ್ಟರ್, ಅಂದರೆ ಕ್ಯಾಪ್ಟನ್, ಪರೀಕ್ಷೆಗಳು ಪಾಸಾದವು. ಕೊನೆಯ ಎರಡರಲ್ಲೂ ಮೊದಲ ಸಲ ನಪಾಸು. ಕ್ಯಾಪ್ಟನ್ ಆಗಿ ಸಮುದ್ರದಲ್ಲಿ ನಡೆಸಿದ್ದು ‘ಒಟಾಗೊ’ ಎಂಬ ಒಂದೇ ಹಾಯಿಹಡಗನ್ನು, 1888ರ ಜನವರಿಯಿಂದ ಸುಮಾರು ಹದಿನಾಲ್ಕು ತಿಂಗಳು. ಹಬೆಹಡಗುಗಳು ಬಂದು ಹಾಯಿಹಡಗಿನ ಕೆಲಸಗಳು ಕಡಿಮೆಯಾಗುತ್ತಿದ್ದ ಕಾಲ ಅದು. ಮಾಸ್ಟರ್ ಸರ್ಟಿಫಿಕೇಟ್ ಕೈಯಲ್ಲಿದ್ದರೂ ಮೇಟ್ ಕೆಲಸಕ್ಕೆ ಒಪ್ಪಿಕೊಳ್ಳಬೇಕಾಗಿತ್ತು. 1894ರ ಜನವರಿಯಲ್ಲಿ ಕೊನೆಯ ಹಡಗು ಬಿಟ್ಟಾಯಿತು, ಮರುವರ್ಷ ಮೊದಲ ಕಾದಂಬರಿ ಬಂತು.

ಈ ಮೇಟ್ ಕೆಲಸವೇ ಎರಡನೆಯ ತಪ್ಪನ್ನು ತಿದ್ದುತ್ತದೆ. ಕ್ಯಾಪ್ಟನ್ ದಿಕ್ಕು ನೋಡುತ್ತಾನೆ, ಫಸ್ಟ್ ಮೇಟ್ ಸರಕು ನೋಡುತ್ತಾನೆ. ಯಾವ ಪೆಟ್ಟಿಗೆ ಎಲ್ಲಿ, ಎಷ್ಟು ಭಾರ ತಳದಲ್ಲಿ, ಎಷ್ಟು ಮೇಲೆ ಎನ್ನುವುದೆಲ್ಲ ಅವನ ಲೆಕ್ಕ. 1887ರ ಚಳಿಗಾಲದಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ‘ಹೈಲ್ಯಾಂಡ್ ಫಾರೆಸ್ಟ್’ ಹಡಗಿಗೆ ಸರಕು ತುಂಬಿಸಿದ್ದು ಕಾನ್ರಾಡ್. ಕ್ಯಾಪ್ಟನ್ ಇನ್ನೂ ಬಂದಿರಲಿಲ್ಲ. ರೂಢಿಯ ಲೆಕ್ಕದಂತೆ ಒಟ್ಟು ತೂಕದ ಮೂರನೆಯ ಒಂದು ಭಾಗವನ್ನು ಹಡಗಿನ ಒಡಲಿನ ಅಡ್ಡತೊಲೆಗಳ ಮೇಲೆ, ಉಳಿದದ್ದನ್ನು ಕೆಳಗೆ ಇರಿಸಿದ್ದಾಯಿತು. ಬಹಳಷ್ಟು ಹಡಗುಗಳಿಗೆ ಸರಿಹೋಗುವ ಈ ಲೆಕ್ಕ ಆ ಹಡಗಿಗೆ ಮಾತ್ರ ಒಗ್ಗುತ್ತಿರಲಿಲ್ಲ, ಅದಕ್ಕೆ ಮೇಲೆ ಇನ್ನಷ್ಟು ಭಾರ ಬೇಕಿತ್ತು. ಭಾರವೆಲ್ಲ ತಳದಲ್ಲೇ ಕೂತರೆ ಹಡಗು ತಂಜಾವೂರು ಬೊಂಬೆಯ ಹಾಗೆ, ವಾಲಿದ ಮರುಕ್ಷಣ ರಪ್ಪನೆ ನೆಟ್ಟಗಾಗುತ್ತದೆ. ಮುಳುಗುವ ಭಯವಿಲ್ಲ ನಿಜ, ಆದರೆ ಆ ಎಳೆತಕ್ಕೆ ಹಾಯಿ ಕಟ್ಟುವ ಮೇಲಿನ ಕೂವೆಮರ, ಅಡ್ಡಮರಗಳು ಮುರಿಯುತ್ತವೆ. ಭಾರ ತೀರಾ ಮೇಲಾದರೆ ಇದಕ್ಕೆ ಉಲ್ಟಾ: ವಾಲಿದ ಹಡಗು ಏಳಲು ತಡಮಾಡುತ್ತದೆ, ಹದ ಮೀರಿದರೆ ಏಳುವುದೇ ಇಲ್ಲ. ಈ ಹದ ಹಡಗಿನಿಂದ ಹಡಗಿಗೆ ಬೇರೆ. ‘ದ ಮಿರರ್ ಆಫ್ ದ ಸೀ’ ಪುಸ್ತಕದಲ್ಲಿ ಕಾನ್ರಾಡ್ ತನ್ನ ಈ ತಪ್ಪನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ದಾರಿಯುದ್ದಕ್ಕೂ ಹಡಗು ಹುಚ್ಚೆದ್ದು ಹೊಯ್ದಾಡಿತು, ಮುರಿದ ಮರದ ತುಂಡೊಂದು ಹಾರಿಬಂದು, ಸರಕು ಜೋಡಿಸಿದವನ ಬೆನ್ನಿಗೇ ಬಡಿಯಿತು.

ಆಮೇಲೆ ಸಿಂಗಾಪುರದ ಆಸ್ಪತ್ರೆ. ಅಲ್ಲಿಂದ ಹೊರಬಂದವನಿಗೆ ಸಿಕ್ಕಿದ್ದು ಬೋರ್ನಿಯೊ ಕಡೆ ವ್ಯಾಪಾರಕ್ಕೆ ಹೋಗುವ ‘ವಿಡಾರ್’ ಎಂಬ ಹಬೆಹಡಗಿನ ಕೆಲಸ. ಆ ದ್ವೀಪದ ನದಿಯೊಂದರ ದಂಡೆಯ ಜನರೇ ‘ಆಲ್‌ಮೇಯರ್ಸ್ ಫಾಲಿ’ ಎಂಬ ಆ ಮೊದಲ ಕಾದಂಬರಿಯ ಜನ. ‘ಲಾರ್ಡ್ ಜಿಮ್’ ಕಾದಂಬರಿಯ ನಾಯಕ ಜಿಮ್ ಕೂಡ ಮುರಿದುಬಿದ್ದ ಮರದ ಪೆಟ್ಟು ತಿಂದು ಪೂರ್ವದ ಬಂದರೊಂದರಲ್ಲಿ ಆಸ್ಪತ್ರೆ ಸೇರುತ್ತಾನೆ. ‘ಹೈಲ್ಯಾಂಡ್ ಫಾರೆಸ್ಟ್’ನ ಕ್ಯಾಪ್ಟನ್‌ನ ಹೆಸರು ಸ್ವಲ್ಪ ಬದಲಾಗಿ ‘ಟೈಫೂನ್’ ಕಥೆಯ ಕ್ಯಾಪ್ಟನ್ ಮೆಕ್‌ವರ್ ಆಯಿತು. ಸರಕಿನ ತೂಕದಲ್ಲಾದ ಒಂದು ತಪ್ಪಿನಿಂದ ಸಾಹಿತ್ಯಕ್ಕೆ ಇಷ್ಟೆಲ್ಲ ದಕ್ಕಿತು.

‘ಯೂತ್’ ಕಥೆಯನ್ನು ನಿಮ್ಮ ಲೇಖಕರು ‘ಕಡಲಿನ ಕ್ರೌರ್ಯದ ಕಥೆ’ ಎಂದಿದ್ದಾರೆ. ಅಲ್ಲಿ ಹಡಗನ್ನು ಕೊಂದದ್ದು ಕಲ್ಲಿದ್ದಲು. 1881ರಿಂದ 1883ರವರೆಗೆ ಕಾನ್ರಾಡ್ ಸೆಕೆಂಡ್ ಮೇಟ್ ಆಗಿದ್ದ ‘ಪ್ಯಾಲೆಸ್ಟೈನ್’ ಹಡಗೇ ಕಥೆಯ ‘ಜೂಡಿಯಾ’. ಇಂಗ್ಲೆಂಡಿನಿಂದ ಬ್ಯಾಂಕಾಕ್‌ಗೆ ಕಲ್ಲಿದ್ದಲು ಹೊತ್ತು ಹೊರಟ ಹಳೆಯ ಹಡಗು ಸೋರಿ ಇಂಗ್ಲೆಂಡಿನದೇ ಫಾಲ್ಮತ್ ಬಂದರಿಗೆ ಹಿಂದಿರುಗುತ್ತದೆ. ರಿಪೇರಿಗಾಗಿ ಸರಕು ಇಳಿಸುತ್ತಾರೆ, ಮತ್ತೆ ತುಂಬುತ್ತಾರೆ. ಕೈಯಿಂದ ಕೈಗೆ ಹೋಗಿ ಕಲ್ಲಿದ್ದಲು ಕಮ್ಮಾರನ ಕುಲುಮೆಯ ಇದ್ದಲಿನಷ್ಟು ಸಣ್ಣಗಾಗುತ್ತದೆ, ಮರಳಿ ತುಂಬುವಾಗ ಮಳೆಯಲ್ಲಿ ನೆನೆಯುತ್ತದೆ. ಅನಾಹುತದ ಕಾರಣ ಪೂರಾ ಈ ಎರಡೇ ಮಾತಿನಲ್ಲಿದೆ. ಕಲ್ಲಿದ್ದಲು ಗಾಳಿಯ ಆಮ್ಲಜನಕವನ್ನು ಹೀರಿ ತಾನಾಗಿಯೇ ಬಿಸಿಯಾಗುವ ವಸ್ತು. ಚೂರು ಸಣ್ಣದಾದಷ್ಟೂ ಗಾಳಿ ತಗಲುವ ಮೈ ಹೆಚ್ಚು. ಒದ್ದೆಯಾದರೆ ಬಿಸಿಯೇರುವ ಸಂಭವ ಇನ್ನೂ ಹೆಚ್ಚು. ರಾಶಿಯ ನಡುವಿನ ಶಾಖಕ್ಕೆ ಹೊರಹೋಗಲು ದಾರಿಯಿಲ್ಲ, ಮೇಲಾಗಿ ತಿಂಗಳುಗಟ್ಟಲೆಯ ಪ್ರಯಾಣ. ಮೊದಲು ಬರುವುದು ಸೀಮೆಎಣ್ಣೆ ದೀಪ ಹೊಗೆಯಾಡಿದಂಥ ವಾಸನೆ. ಗಾಳಿ ಕಟ್ಟಿ ಬೆಂಕಿ ನಂದಿಸಲು ಮುಚ್ಚಳಗಳನ್ನೆಲ್ಲ ಬಿಗಿಯುತ್ತಾರೆ, ಹಳೆಯ ಹಡಗಿನ ಪ್ರತಿ ಬಿರುಕಿನಿಂದಲೂ ಹೊಗೆ ಬರುತ್ತದೆ. ಆಮೇಲೆ, ಇಷ್ಟು ದಿನ ಹಡಗಿನಿಂದ ನೀರು ಹೊರಹಾಕಿ ಸೋತವರೇ ಈಗ ಅದೇ ಹಡಗಿಗೆ ನೀರು ತುಂಬುತ್ತಾರೆ. ಹೊಗೆ ಇಳಿಯಿತು, ಗೆದ್ದೆವು ಎಂದುಕೊಳ್ಳುವಾಗ ಒಡಲಿನ ಗಾಳಿಯಲ್ಲಿ ತೇಲುತ್ತಿದ್ದ ಕಲ್ಲಿದ್ದಲಿನ ಪುಡಿ ಸಿಡಿದು ಡೆಕ್ಕೇ ಹಾರಿಹೋಗುತ್ತದೆ. ಇಂದಿಗೂ 55 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಕಲ್ಲಿದ್ದಲನ್ನು ಹಡಗಿಗೆ ತುಂಬಬಾರದೆಂದು ಅಂತರರಾಷ್ಟ್ರೀಯ ನಿಯಮವಿದೆ. ಬಿಸಿಯೇರುವ ಕಲ್ಲಿದ್ದಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ದಾರಿಯಲ್ಲಿ ಅಳೆಯುತ್ತಲೇ ಇರಬೇಕು. ಪಣಂಬೂರಿನ ಬಂದರಿನಲ್ಲಿ ಕಲ್ಲಿದ್ದಲು ಇಳಿಸುವವರಿಗೆ ‘ಯೂತ್’ ಓದಿ ಹೇಳಿದರೆ ಹಡಗಿನ ಕಥೆ ಮುಂದೆ ಏನಾಗುತ್ತದೆ ಎಂದು ಅವರೇ ಹೇಳಿಬಿಡುತ್ತಾರೆ.

‘ಲಾರ್ಡ್ ಜಿಮ್’ನಲ್ಲಂತೂ ಕಡಲು ಶಾಂತವಾಗಿದೆ. ಅದಕ್ಕೆ ಮೂಲವಾದ, 1880ರಲ್ಲಿ ನಿಜವಾಗಿ ನಡೆದ ಘಟನೆಯಲ್ಲಿ ಹಾಗಿರಲಿಲ್ಲ. ಸಿಂಗಾಪುರದಿಂದ 900ಕ್ಕೂ ಹೆಚ್ಚು ಹಜ್ ಯಾತ್ರಿಗಳನ್ನು ಹೊತ್ತ ‘ಜೆಡ್ಡಾ’ ಎಂಬ ಹಬೆಹಡಗು ಬಿರುಗಾಳಿಗೆ ಸಿಕ್ಕಿತು, ಬಾಯ್ಲರ್‌ಗಳು ಕೂತಲ್ಲಿಂದ ಕದಲಿದವು, ನೀರು ನುಗ್ಗಿತು. ಆಗಸ್ಟ್ 8ರಂದು ಕ್ಯಾಪ್ಟನ್ ಮತ್ತು ಅಧಿಕಾರಿಗಳು ಯಾತ್ರಿಗಳನ್ನು ಬಿಟ್ಟು ದೋಣಿ ಇಳಿಸಿ ಹೊರಟುಹೋದರು. ಏಡನ್ ತಲುಪಿ, ಹಡಗು ಮುಳುಗಿತು ಎಂದು ವರದಿ ಕೊಟ್ಟರು. ಮರುದಿನ ಇನ್ನೊಂದು ಹಡಗು ‘ಜೆಡ್ಡಾ’ವನ್ನು ಎಳೆದುಕೊಂಡು ಅದೇ ಬಂದರಿಗೆ ಬಂತು. ಕ್ಯಾಪ್ಟನ್‌ನ ಸರ್ಟಿಫಿಕೇಟ್ ಮೂರು ವರ್ಷ ಅಮಾನತಾಯಿತು. ಕಾದಂಬರಿಯಲ್ಲಿ ಕಾನ್ರಾಡ್ ಆ ಬಿರುಗಾಳಿಯನ್ನು ತೆಗೆದುಹಾಕಿದ. ಜಿಮ್ ಮೇಟ್ ಆಗಿರುವ, ಯಾತ್ರಿಗಳನ್ನು ಹೊತ್ತ ‘ಪಟ್ನಾ’ ಎಂಬ ಹಡಗು ಹೋಗುತ್ತಿರುವುದು ಕನ್ನಡಿಯಂಥ ಕಡಲಿನಲ್ಲಿ, ನೀರಿನಡಿಯ ಯಾವುದೋ ವಸ್ತು ತಗಲಿ ಮುಂಭಾಗ ತೂತಾಗಿದೆ. ನೀರಿಗೂ ಎಂಟುನೂರು ಜನಕ್ಕೂ ನಡುವೆ ಇರುವುದು ತುಕ್ಕು ಹಿಡಿದ ಒಂದು ಕಬ್ಬಿಣದ ಅಡ್ಡಗೋಡೆ. ಅದರಿಂದ ಅಂಗೈಯಗಲದ ತುಕ್ಕಿನ ಹೆಕ್ಕಳೆ ಉದುರುವುದನ್ನು ಜಿಮ್ ನೋಡುತ್ತಾನೆ. ಇರುವುದು ಏಳು ದೋಣಿ. ಅಲೆಯ ಮೇಲೆ ತಪ್ಪು ಹೊರಿಸಲು ಅವನಿಗೆ ಅವಕಾಶವೇ ಇಲ್ಲ. ಯಾತ್ರಿಗಳನ್ನು ಬಿಟ್ಟು ಅವನು ದೋಣಿಗೆ ಜಿಗಿದ ಮೇಲೂ ಆ ಅಡ್ಡಗೋಡೆ ತಡೆದುಕೊಳ್ಳುತ್ತದೆ. ಇಡೀ ಕಾದಂಬರಿ ನಿಂತಿರುವುದು ಈ ತುಕ್ಕಿನ ಗೋಡೆಯ ಮೇಲೆ. ಅದನ್ನು ಬಿಟ್ಟು ‘ಜಿಮ್‌ನ ಮಾನಸಿಕ ತುಮುಲ’ ಎಂದಷ್ಟೇ ಬರೆದರೆ ಅನ್ಯಾಯವಾಗುತ್ತದೆ.

ನಮ್ಮ ಕಡೆಯ ಸಂಬಂಧವೊಂದು ಲೇಖನದಲ್ಲಿ ಬಿಟ್ಟುಹೋಗಿದೆ. 1884ರ ಏಪ್ರಿಲ್‌ನಲ್ಲಿ ಮದ್ರಾಸಿನಲ್ಲಿ ಕ್ಯಾಪ್ಟನ್ ಜೊತೆ ಜಗಳವಾಗಿ ಹಡಗು ಬಿಟ್ಟ ಕಾನ್ರಾಡ್ ರೈಲಿನಲ್ಲಿ ಮುಂಬಯಿಗೆ ಹೋಗಿ ‘ನಾರ್ಸಿಸಸ್’ ಎಂಬ ಹಡಗು ಸೇರಿದ. 1897ರಲ್ಲಿ ಅಮೆರಿಕದಲ್ಲಿ ‘ದ ಚಿಲ್ಡ್ರನ್ ಆಫ್ ದ ಸೀ’ ಎಂಬ ಹೆಸರಿನಿಂದ ಬಂದ, ಅದೇ ಹಡಗಿನ ಹೆಸರಿನ ಹಡಗಿನ ಕಥೆ ಹೇಳುವ ಕಾದಂಬರಿ ಶುರುವಾಗುವುದು ಮುಂಬಯಿ ಬಂದರಿನಲ್ಲೇ.

ಕೊನೆಗೆ ಅನುವಾದಕರಲ್ಲಿ ಒಂದು ಬಿನ್ನಹ. ‘ಮೇಟ್’ ಎಂದರೆ ಗೆಳೆಯನಲ್ಲ, ಹುದ್ದೆ. ‘ಹ್ಯಾಂಡ್ಸ್’ ಎಂದರೆ ಕೈಗಳಲ್ಲ, ಖಲಾಸಿಗಳು. ‘ಬಾರ್ಕ್’ ಮರದ ತೊಗಟೆಯಲ್ಲ, ಮೂರು ಕೂವೆಯ ಹಾಯಿಹಡಗು. ಪತ್ರಕರ್ತರು ಲಂಗರನ್ನು ‘ಎಸೆದರು’ ಎಂದು ಬರೆಯುವುದನ್ನು ಕಂಡರೆ ಕಾನ್ರಾಡ್‌ಗೆ ಸಿಟ್ಟು ಬರುತ್ತಿತ್ತು. ಲಂಗರು ಆಗಲೇ ಹಡಗಿನ ಪಕ್ಕಕ್ಕೆ ತೂಗುತ್ತಿರುತ್ತದೆ, ಕಟ್ಟು ಬಿಚ್ಚಿ ಬಿಡುವುದಷ್ಟೇ ಕೆಲಸ. ಮಂಗಳೂರಿನ ಧಕ್ಕೆಯಲ್ಲಿ ಯಾರೂ ಲಂಗರು ಎಸೆಯುವುದಿಲ್ಲ, ಹಾಕುತ್ತಾರೆ. ನಮ್ಮ ಕರಾವಳಿಯಲ್ಲಿ ಚುಕ್ಕಾಣಿ, ಕೂವೆ, ಹಾಯಿ, ತಾಂಡೇಲ, ಖಲಾಸಿ ಎಂಬ ಮಾತುಗಳು ಬಳಕೆಯಲ್ಲಿರುವಾಗ ನಿಘಂಟಿನ ಪದಗಳನ್ನು ಹುಡುಕಿ ತರುವುದೇಕೆ? ಮುಂದೆ ನಿಮ್ಮ ಪುರವಣಿಯಲ್ಲಿ ‘ಯೂತ್’ನ ಅನುವಾದ ಪ್ರಕಟಿಸುವುದಾದರೆ, ಜೊತೆಗೆ ಸರಕು ತುಂಬಿದ ಹಾಯಿಹಡಗನ್ನು ಉದ್ದಕ್ಕೆ ಸೀಳಿ ತೋರಿಸುವ ಒಂದು ಚಿತ್ರವನ್ನೂ ಹಾಕಿ. ಕಲ್ಲಿದ್ದಲು ಎಲ್ಲಿತ್ತು, ಪಂಪು ಎಲ್ಲಿತ್ತು, ಜನ ಮಲಗುತ್ತಿದ್ದುದು ಎಲ್ಲಿ ಎಂದು ಓದುಗರಿಗೆ ಕಾಣಲಿ.

ಇತಿ,
ಹಡಗು ಸರಕಿನ ಕೆಲಸ ಬಲ್ಲ ಓದುಗರು
ಪಣಂಬೂರು, ಮಂಗಳೂರು