ಮ್ಯಾಕ್‌ಬೆತ್ ಮೇಲೆ ಕನಿಕರ ಬಂತು ಅಂತ ಬರೆದಿದ್ದೀಯಲ್ಲ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಓದಿ ಖುಷಿಯಾಯಿತು. ಆದರೆ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದ ಆ ಮಾತು ನನ್ನನ್ನು ಬಿಡುತ್ತಿಲ್ಲ. ಕ್ಲಾಸಿನಲ್ಲಿ ಶೇಕ್ಸ್‌ಪಿಯರ್ ನಾಟಕ ಓದುವಾಗ, ಸಿಂಹಾಸನಕ್ಕಾಗಿ ತನ್ನ ರಾಜನನ್ನೇ ಕೊಂದ ಮ್ಯಾಕ್‌ಬೆತ್‌ನನ್ನು ಎಲ್ಲರೂ ಬೈಯುತ್ತಿದ್ದರು, ನಿನಗೆ ಮಾತ್ರ ಅವನ ಮೇಲೆ ಕನಿಕರ ಬಂತು. 'ನನ್ನಲ್ಲೇ ಏನೋ ಕೆಟ್ಟದ್ದು ಇದೆಯೇನೋ ದೊಡ್ಡಮ್ಮ' ಅಂದಿದ್ದೀಯ. ರಾತ್ರಿ ನಿದ್ದೆ ಬರದೆ ಪುಸ್ತಕ ತೆಗೆದು ಕೂತೆ.

ಎರಡನೇ ಅಂಕದ ಎರಡನೇ ದೃಶ್ಯ ತಗೋ. ಡಂಕನ್ ರಾಜನ ಕೊಲೆಯನ್ನು ಶೇಕ್ಸ್‌ಪಿಯರ್ ನಮಗೆ ತೋರಿಸುವುದೇ ಇಲ್ಲ. ಅದು ಒಳಗೆಲ್ಲೋ ಆಗಿಹೋಗುತ್ತದೆ. ನಮಗೆ ಕಾಣುವುದು ಹೊರಗೆ ಬಂದವನ ರಕ್ತದ ಕೈ ಮತ್ತು ಮುಖ. ಆಗ ಗಂಡ ಹೆಂಡತಿ ಹೇಗೆ ಮಾತಾಡುತ್ತಾರೆ ನೋಡು. 'ಯಾವಾಗ?' 'ಈಗ.' 'ನಾನು ಇಳಿದು ಬರುವಾಗಲಾ?' 'ಹೂಂ.' ಭಯದಲ್ಲಿ ಉಸಿರು ಕಟ್ಟಿದವರ ಮಾತು ಅದು. ಗೂಬೆ ಕೂಗುತ್ತದೆ, ಜೀರುಂಡೆ ಕಿರುಗುಟ್ಟುತ್ತದೆ, ಆಮೇಲೆ ಯಾರೋ ಬಾಗಿಲು ಬಡಿಯುತ್ತಾರೆ. ಪ್ರಾರ್ಥನೆಯ ಕೊನೆಗೆ ಹೇಳುವ 'ಆಮೆನ್' ಅನ್ನಲು ನನಗೇಕೆ ಆಗಲಿಲ್ಲ ಅಂತ ಅವನು ಒದ್ದಾಡುತ್ತಾನೆ. ಅಷ್ಟು ಹತ್ತಿರ ನಿಲ್ಲಿಸಿದ ಮೇಲೆ ಕನಿಕರ ಬರದೇ ಇರುತ್ತದಾ?

ಅದಕ್ಕೂ ಮುಂಚೆ, ಮೊದಲ ಅಂಕದ ಕೊನೆಯಲ್ಲಿ, ಅವನು ಒಬ್ಬನೇ ನಿಂತು ಲೆಕ್ಕ ಹಾಕುತ್ತಾನೆ. ಡಂಕನ್ ನನ್ನ ನೆಂಟ, ನನ್ನ ರಾಜ, ಇವತ್ತು ನನ್ನ ಮನೆಯ ಅತಿಥಿ. ಬಾಗಿಲು ಕಾಯಬೇಕಾದವನು ನಾನೇ ಚೂರಿ ಹಿಡಿಯಲಾ ಅಂತ. ಆ ಮಾತು ಕೇಳಿಸಿಕೊಳ್ಳುವವರು ನಾವು ಮಾತ್ರ. ತಪ್ಪು ಅಂತ ಚೆನ್ನಾಗಿ ಗೊತ್ತಿದ್ದೂ ಮಾಡುತ್ತಾನೆ. ನಿನ್ನ ಕ್ಲಾಸಿನವರು ಬೈಯುವುದೂ ಸರಿಯೇ. ಆದರೆ ಅವನ ನೋವು ನಿನಗೆ ತಟ್ಟಿತು ಅಂದರೆ ಅವನ ಕೆಲಸಕ್ಕೆ ನೀನು ಹೂಂ ಅಂದ ಹಾಗೆ ಆಯಿತಾ, ಹೇಳು?

ನಾನು ಓದುವಾಗ ಪಾತ್ರಗಳ ಗುಣಗಳನ್ನು ಪಟ್ಟಿ ಮಾಡಿ ಬರೆಸುತ್ತಿದ್ದರು. ಐದನೇ ಅಂಕದಲ್ಲಿ ಹೆಂಡತಿ ಸತ್ತ ಸುದ್ದಿ ಬಂದಾಗ ಅವನು, ಇನ್ನೊಂದು ಹೊತ್ತಿನಲ್ಲಿ ಸಾಯಬೇಕಿತ್ತು ಅನ್ನುತ್ತಾನಲ್ಲ, ಅದರ ಮುಂದೆ 'ಕಲ್ಲೆದೆ' ಅಂತ ಬರೆಸಿದ್ದರು. ಬಹಳ ವರ್ಷ ಆ ಪದ ಹಾಗೇ ಉಳಿದಿತ್ತು. ನನ್ನ ತಮ್ಮ ಹೋದ ದಿನ ನನಗೆ ಒಂದು ಹನಿಯೂ ಬರಲಿಲ್ಲ. ನಾಳೆ ಯಾರ್‍ಯಾರಿಗೆ ಫೋನ್ ಮಾಡಬೇಕು ಅಂತ ಸುಮ್ನೆ ಯೋಚಿಸುತ್ತಾ ಕೂತಿದ್ದೆ. ಹಿಂದೆ ಯಾರೋ ಮಾತಾಡಿಕೊಂಡರು, ಕೇಳಿಸಿತು. ಆಮೇಲೆ, ಅದೇ ಜಾಗದಲ್ಲಿ ಮ್ಯಾಕ್‌ಬೆತ್ ಹೇಳುವ 'ನಾಳೆ, ಮತ್ತೆ ನಾಳೆ' ಸಾಲು ಓದಿದಾಗ ಅಲ್ಲಿ ಕಲ್ಲು ಕಾಣಲಿಲ್ಲ. ಬತ್ತಿಹೋದ ಮನುಷ್ಯ ಕಂಡ. ತಮ್ಮನಿಗೂ ನಾಟಕ ಅಂದರೆ ಪ್ರಾಣ. ಅವನ ಜೊತೆ ಕೂತು ಇದನ್ನು ಮಾತಾಡಲು ಆಗಲಿಲ್ಲವಲ್ಲ, ಆ ಕೊರಗು ಈಗಲೂ ಇದೆ. ಎಲ್ಲಿಂದ ಎಲ್ಲಿಗೋ ಹೋದೆ, ಬೇಜಾರು ಮಾಡಿಕೊಳ್ಳಬೇಡ.

ಉಪಾಯ ಹೇಳುವಷ್ಟು ದೊಡ್ಡವಳಲ್ಲ ನಾನು. ಆದರೂ, ದೃಶ್ಯಗಳನ್ನು ಒಮ್ಮೆ ಜೋರಾಗಿ ಓದಿ ನೋಡು. ಸಾಲು ಎಲ್ಲಿ ತುಂಡಾಗುತ್ತದೆ, ಯಾರು ಉತ್ತರ ಕೊಡದೆ ಸುಮ್ಮನಾಗುತ್ತಾರೆ ಅನ್ನುವುದರಲ್ಲೇ ಭಾವ ಇರುತ್ತದೆ. ಲೇಡಿ ಮ್ಯಾಕ್‌ಬೆತ್ ನಿದ್ದೆಯಲ್ಲಿ ನಡೆಯುವ ದೃಶ್ಯವನ್ನು ಅವಳ ಮೊದಲಿನ ಮಾತುಗಳ ಜೊತೆ ಇಟ್ಟು ಓದು. ಕೊಲೆಯ ರಾತ್ರಿ, ಸ್ವಲ್ಪ ನೀರು ಸಾಕು, ಎಲ್ಲ ತೊಳೆದುಹೋಗುತ್ತದೆ ಅಂದವಳು ಅವಳೇ. ಈಗ ಪದ್ಯವೂ ಇಲ್ಲ, ಬಿಡಿಬಿಡಿ ಗದ್ಯ. ಪಕ್ಕದಲ್ಲಿ ಯಾವಾಗಲೂ ದೀಪ ಇರಬೇಕು ಅವಳಿಗೆ.

ಮತ್ತೆ ನಿನ್ನ ಆ ಭಯಕ್ಕೇ ಬರುತ್ತೇನೆ. ನೀನು ನಾಲ್ಕನೇ ಅಂಕ ಇನ್ನೂ ಓದಿಲ್ಲ ಅನಿಸುತ್ತದೆ. ಅಲ್ಲಿ, ಮ್ಯಾಕ್‌ಬೆತ್‌ಗೆ ಎದುರಾದ ಸರದಾರ ಮ್ಯಾಕ್‌ಡಫ್‌ನ ಪುಟ್ಟ ಮಗ ಅಮ್ಮನ ಜೊತೆ ತುಂಟ ಮಾತಾಡುತ್ತಿರುತ್ತಾನೆ. ಆಗಲೇ ಮ್ಯಾಕ್‌ಬೆತ್ ಕಳಿಸಿದ ಕೊಲೆಗಾರರು ನುಗ್ಗುತ್ತಾರೆ. ಆ ಮಗು ಸಾಯುತ್ತಾ, ಓಡಮ್ಮ ಅನ್ನುತ್ತದೆ. ಸುದ್ದಿ ಕೇಳಿದ ಮ್ಯಾಕ್‌ಡಫ್‌ಗೆ ಡಂಕನ್‌ನ ಮಗ ಮಾಲ್ಕಂ, ಗಂಡಸಿನ ಹಾಗೆ ಎದುರಿಸು ಅನ್ನುತ್ತಾನೆ. ಎದುರಿಸುತ್ತೇನೆ, ಆದರೆ ಮನುಷ್ಯನ ಹಾಗೆ ಅದನ್ನು ಅನುಭವಿಸಲೂ ಬೇಕಲ್ಲ ಅನ್ನುತ್ತಾನೆ ಅವನು. ಅದನ್ನು ಓದುವಾಗ ನಿನ್ನ ಕನಿಕರ ಯಾರ ಕಡೆ ಹೋಗುತ್ತದೆ ನೋಡು. ಮ್ಯಾಕ್‌ಬೆತ್ ಮೇಲೆ ಸಿಟ್ಟೂ ಬರಬಹುದು, ಹಳೆಯ ಕನಿಕರ ಪೂರ್ತಿ ಹೋಗದೆಯೂ ಇರಬಹುದು. ಎರಡೂ ಒಟ್ಟಿಗೆ ಇದ್ದರೆ ಹೆದರಬೇಡ ಮಗಳೇ. ನನಗೂ ಹಾಗೇ ಆಗಿದೆ.

ಪರೀಕ್ಷೆಯಲ್ಲಿ ಅನಿಸಿದ್ದನ್ನೇ ಬರೆ, ಪಕ್ಕದಲ್ಲಿ ನಾಟಕದ ಸಾಲು ತೋರಿಸು. ಮಾರ್ಕ್ಸ್ ಎಷ್ಟು ಬರುತ್ತದೋ ನಾನು ಹೇಳಲಾರೆ. ಓದಿ ಮುಗಿಸಿ ಬೇಗ ಪತ್ರ ಬರಿ.

ನಿನ್ನ,
ದೊಡ್ಡಮ್ಮ